ಹೊನ್ನಾವರ, ಮುರುಡೇಶ್ವರ, ಜೋಗ: ಕಾರಿಲ್ಲದೆ ಹೋದರೆ ಖರ್ಚೆಷ್ಟು?

"ಆ ದುಡ್ಡಿಗೆ ಥಾಯ್ಲೆಂಡ್‌ಗೇ ಹೋಗಿ ಬರಬಹುದಿತ್ತು" ಅಂತ ಕರಾವಳಿ ಸುತ್ತಿ ಬಂದವರು ಗೊಣಗುವುದನ್ನು ನೀವೂ ಕೇಳಿರುತ್ತೀರಿ. ಸುಳ್ಳಲ್ಲ. ಮೂರು ರಜೆ ಒಟ್ಟಿಗೆ ಬಂದಾಗಲೇ ಹೊರಟು, ಬೆಂಗಳೂರಿಂದಲೇ ಇನ್ನೋವಾ ಮಾಡಿಕೊಂಡು, ಸಮುದ್ರ ಕಾಣುವ ರೆಸಾರ್ಟೇ ಬೇಕು ಅಂದರೆ ಬಿಲ್ಲು ಹಾಗೇ ಬರುತ್ತದೆ. ನಾವು ನಾಲ್ಕು ಜನ, ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ಅತ್ತೆ, ರಜೆಯ ನೂಕುನುಗ್ಗಲು, ಇನ್ನೋವಾ, ರೆಸಾರ್ಟು ಮೂರನ್ನೂ ಬಿಟ್ಟು ಹೋದೆವು. ಅದೇ ಸಮುದ್ರ, ಅದೇ ಜೋಗ, ಖರ್ಚು ಅರ್ಧಕ್ಕಿಂತ ಕಡಿಮೆ.

ಮೊದಲು ಕಾರಿನ ಲೆಕ್ಕ ನೋಡಿ. ಹೊರಗಿನ ಊರಿಗೆ ಟ್ಯಾಕ್ಸಿ ಮಾಡಿದರೆ ಓಡಲಿ ಬಿಡಲಿ, ದಿನಕ್ಕೆ ಕನಿಷ್ಠ 250ರಿಂದ 300 ಕಿಲೋಮೀಟರ್ ಅಂತ ಹಿಡಿಯುತ್ತಾರೆ. ಅದರ ಮೇಲೆ ಡ್ರೈವರ್ ಬಾಟಾ, ಟೋಲ್. ಕಿಲೋಮೀಟರಿಗೆ 18 ರೂಪಾಯಿ ಅಂದುಕೊಂಡರೂ ದಿನಕ್ಕೆ ಐದು ಸಾವಿರ ದಾಟಿತು. ನೀವು ಬೀಚಲ್ಲಿ ಕಾಲು ನೆನೆಸಿಕೊಂಡು ಕೂತಿದ್ದರೂ, ಕಾರು ತೆಂಗಿನ ಮರದ ಕೆಳಗೆ ಸುಮ್ನೆ ನಿಂತಿದ್ದರೂ ಈ ದುಡ್ಡು ಕೊಡಲೇಬೇಕು.

ರೈಲಿಗೆ ಬನ್ನಿ. ಬೆಂಗಳೂರಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಹಾಸನ, ಸಕಲೇಶಪುರ, ಸುಬ್ರಹ್ಮಣ್ಯ, ಉಡುಪಿ ಮೇಲೆ ಕಾರವಾರಕ್ಕೆ ಹೋಗುತ್ತದೆ. ಬೆಳಗ್ಗೆ ಕಣ್ಣು ಬಿಡುವಷ್ಟರಲ್ಲಿ ಹೊನ್ನಾವರ. ಸ್ಲೀಪರ್ ತಲೆಗೆ ನಾನೂರರ ಆಸುಪಾಸು. 5ರಿಂದ 12 ವರ್ಷದ ಮಕ್ಕಳಿಗೆ ಬರ್ತ್ ಬೇಕಂದರೆ ಪೂರ್ತಿ ಟಿಕೆಟ್, ಬೇಡ ಅಂದರೆ ಅರ್ಧ. ರಾತ್ರಿ ಪ್ರಯಾಣ ಅಲ್ವಾ, ಬರ್ತ್ ತಗೊಳ್ಳಿ. ಹಿರಿಯರಿಗೆ ಕೊಡುತ್ತಿದ್ದ ರಿಯಾಯಿತಿಯನ್ನು 2020ರಲ್ಲಿ ನಿಲ್ಲಿಸಿದ್ದು ನಿಲ್ಲಿಸಿದ್ದೇ, ಅದನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ. ಬುಕಿಂಗ್ ಈಗ 60 ದಿನ ಮುಂಚೆ ಶುರುವಾಗುತ್ತದೆ. ಶುಕ್ರವಾರದ ಸೀಟು ಹೇಗೂ ಸಿಗುವುದು ಕಷ್ಟ. ಭಾನುವಾರ ರಾತ್ರಿ ಹೊರಡಿ: ಎಲ್ಲರೂ ವಾಪಸ್ ಬರುವ ಹೊತ್ತಿಗೆ ನೀವು ಹೋಗುತ್ತೀರಿ, ಸೀಟೂ ಸಲೀಸು, ರೂಮೂ ಅಗ್ಗ. ಘಾಟಿ ನೋಡಲೇಬೇಕು ಅನ್ನುವವರಿಗೆ ಯಶವಂತಪುರದಿಂದ ವಾರದ ಕೆಲವು ದಿನ ಗಾಜಿನ ವಿಸ್ಟಾಡೋಮ್ ಬೋಗಿ ಇರುವ ಹಗಲು ರೈಲಿದೆ. ಸಕಲೇಶಪುರ, ಸುಬ್ರಹ್ಮಣ್ಯದ ನಡುವೆ 57 ಸುರಂಗ. ಅದು ದುಬಾರಿ, ಘಾಟಿಯಲ್ಲಿ ಕೆಲಸ ನಡೆಯುವಾಗ ರದ್ದೂ ಆಗುತ್ತದೆ. ವಿಚಾರಿಸಿಕೊಂಡು ಬುಕ್ ಮಾಡಿ.

ತಂಗೋದಕ್ಕೆ ಎಲ್ಲರೂ ಗೋಕರ್ಣಕ್ಕೋ ಮುರುಡೇಶ್ವರಕ್ಕೋ ನುಗ್ಗುತ್ತಾರೆ. ನನ್ನ ಕೇಳಿದರೆ ಹೊನ್ನಾವರದಲ್ಲಿ ಇಳಿದುಕೊಳ್ಳಿ. ಊರು ನೋಡೋಕೆ ಅಂಥದ್ದೇನೂ ಅಲ್ಲ, ಹೈವೇ ಗಲಾಟೆ ಬೇರೆ. ಆದರೆ ಒಂದೇ ಕಡೆ ಬ್ಯಾಗ್ ಇಟ್ಟು ನಾಲ್ಕೂ ದಿಕ್ಕಿಗೆ ಹೋಗಿಬರಬಹುದು. ಮುರುಡೇಶ್ವರ ಮುಕ್ಕಾಲು ಗಂಟೆ, ಗೋಕರ್ಣಕ್ಕೆ ಕುಮಟಾದಲ್ಲಿ ಬಸ್ಸು ಬದಲಿಸಿದರಾಯಿತು. ನಮಗೆ ಎರಡು ಸಾದಾ ಎಸಿ ರೂಮಿಗೆ ದಿನಕ್ಕೆ ಮೂರು ಸಾವಿರದೊಳಗೆ ಆಯಿತು. ದಿನದ ಬಾಡಿಗೆ 7,500 ರೂಪಾಯಿ ದಾಟದ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5 ಅಷ್ಟೇ, ಮೊದಲು ಶೇ 12 ಇತ್ತು. ಬಿಲ್ಲಿನಲ್ಲಿ ಒಮ್ಮೆ ನೋಡಿಕೊಳ್ಳಿ.

ಸರ್ಕಾರಿ ಬಸ್ಸು ಬೇಕಾದಷ್ಟಿವೆ. ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್‌ಗಳಲ್ಲಿ ಹೆಂಗಸರಿಗೆ ಟಿಕೆಟಿಗೆ ದುಡ್ಡಿಲ್ಲ. ಆದರೆ ಆಧಾರ್‌ನಲ್ಲಿ ಕರ್ನಾಟಕದ ವಿಳಾಸ ಇರಬೇಕು. ಮುರುಡೇಶ್ವರದ ಬಸ್ಸಲ್ಲಿ ಕಂಡಕ್ಟರು ಮೂರು ಶೂನ್ಯ ಟಿಕೆಟ್ ಹರಿದು ಹೆಂಗಸರ ಕೈಗಿಟ್ಟು, ನನ್ನ ಕಡೆ ತಿರುಗಿ "ನಿಮ್ದೊಂದೇ ದುಡ್ಡು ನೋಡಿ" ಅಂದರು. ಅತ್ತೆಗಂತೂ ಅದೇ ದೊಡ್ಡ ಖುಷಿ, ಆಮೇಲೆ ಆಟೋ ಹತ್ತೋಣ ಅಂದರೂ ಬೇಡ ಅಂದರು.

ಮುರುಡೇಶ್ವರದಲ್ಲಿ ಗೋಪುರದ ಲಿಫ್ಟ್‌ಗೆ ಬೆಳಗ್ಗೆಯೇ ಹೋಗಿ, ಮಧ್ಯಾಹ್ನದ ಹೊತ್ತಿಗೆ ಕ್ಯೂ ವಿಪರೀತ. 123 ಅಡಿಯ ಶಿವನನ್ನು ಮೇಲಿಂದ ನೋಡುವುದೇ ಚೆಂದ. ನೀರಿಗಿಳಿಯುವಾಗ ಮಾತ್ರ ಲೈಫ್‌ಗಾರ್ಡ್ ಹೇಳಿದಂತೆ ಕೇಳಿ. 2024ರ ಡಿಸೆಂಬರ್‌ನಲ್ಲಿ ಇಲ್ಲೇ ಪ್ರವಾಸಕ್ಕೆ ಬಂದಿದ್ದ ನಾಲ್ವರು ಶಾಲಾ ಹುಡುಗಿಯರು ಮುಳುಗಿ ತೀರಿಕೊಂಡರು. ಮಕ್ಕಳನ್ನು ಆಡಿಸೋಕೆ ನನಗೆ ಕಾಸರಕೋಡೇ ಇಷ್ಟವಾಯಿತು. ಹೊನ್ನಾವರದಿಂದ ಶರಾವತಿ ಸೇತುವೆ ದಾಟಿದರೆ ಸಾಕು, ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿರುವ ಚೊಕ್ಕ ಬೀಚು. ಅಲ್ಲೇ ಹತ್ತಿರ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಾದಿ ಮಾಡಿದ್ದಾರೆ. ಸಮುದ್ರದ ನೀರು ಇಳಿತದಲ್ಲಿರುವ ಹೊತ್ತಿಗೆ ಹೋಗಿ. ಕೆಸರಿನಿಂದ ಬೇರುಗಳು ಪೆನ್ಸಿಲ್ ನೆಟ್ಟ ಹಾಗೆ ಮೇಲೆದ್ದಿರುತ್ತವೆ, ಅದರ ಸಂದಿಯಲ್ಲಿ ಏಡಿಗಳು. ಮಗಳನ್ನು ಅಲ್ಲಿಂದ ಎಬ್ಬಿಸಿಕೊಂಡು ಬರುವಷ್ಟರಲ್ಲಿ ಸಾಕಾಯಿತು.

ಊಟಕ್ಕೆ ನಾಲ್ಕು ಜನಕ್ಕೆ ದಿನಕ್ಕೆ ಒಂದೂವರೆ ಸಾವಿರ ಧಾರಾಳ. ಬೆಳಗ್ಗೆ ಬನ್ಸು, ಮಧ್ಯಾಹ್ನ ಮೀನೂಟ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಮೀನು ಕಡಿಮೆ, ರೇಟು ಜಾಸ್ತಿ. ಮೀನಿಗಾಗಿಯೇ ಹೋಗುವವರು ಆ ತಿಂಗಳು ಬಿಡಿ.

ವಾಪಸ್ ಅದೇ ದಾರಿಯಲ್ಲಿ ಬರಬೇಡಿ. ಕೊನೆಯ ದಿನ ಬೆಳಗ್ಗೆ ರೂಮು ಖಾಲಿ ಮಾಡಿ ಗೇರುಸೊಪ್ಪ ಘಾಟಿಯ ಬಸ್ಸು ಹತ್ತಿ, ಸುಮಾರು 60 ಕಿಲೋಮೀಟರ್, ಜೋಗದಲ್ಲಿ ಇಳಿಯಿರಿ. ತಿರುವು ಜಾಸ್ತಿ, ವಾಂತಿ ಆಗುವವರು ಮಾತ್ರೆ ನುಂಗಿಯೇ ಹತ್ತಿ. ನೀರು ನೋಡಬೇಕಂದರೆ ಆಗಸ್ಟ್, ಸೆಪ್ಟೆಂಬರ್. ಬೇಸಿಗೆಯಲ್ಲಿ ನೀರೆಲ್ಲ ಕರೆಂಟಿಗಾಗಿ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನಿಂತಿರುತ್ತದೆ, 253 ಮೀಟರ್ ಬಂಡೆ ನೋಡಿಕೊಂಡು ಬರಬೇಕಾಗುತ್ತದೆ. ಸಂಜೆ ಹತ್ತಿರದ ತಾಳಗುಪ್ಪಕ್ಕೆ ಹೋದರೆ ಬೆಂಗಳೂರು ಮೇಲೆ ಮೈಸೂರಿಗೆ ಹೋಗುವ ರಾತ್ರಿ ರೈಲು ಅಲ್ಲಿಂದಲೇ ಹೊರಡುತ್ತದೆ. ಚಿಕ್ಕ ಸ್ಟೇಷನ್ನು, ಊಟಕ್ಕೆ ಪರದಾಟ. ಅದಕ್ಕೇ ಜೋಗದಿಂದ ನೇರ ಸಾಗರಕ್ಕೆ ಬಸ್ಸು ಹಿಡಿದು, ಪೇಟೆಯಲ್ಲಿ ಊಟ ಮುಗಿಸಿ, ಸಾಗರ ಜಂಬಗಾರು ಸ್ಟೇಷನ್‌ನಲ್ಲಿ ರೈಲು ಹತ್ತುವುದು ವಾಸಿ. ಟಿಕೆಟ್ ತಗೊಳ್ಳುವಾಗಲೇ ಬೋರ್ಡಿಂಗ್ ಅಲ್ಲಿಂದ ಅಂತ ಹಾಕಿಸಿಕೊಳ್ಳಿ.