ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರದ ಲೆಕ್ಕ, ತಾಸಿನ ಲೆಕ್ಕ

ದಾವಣಗೆರೆಯ ಟ್ರಾವೆಲ್ ಏಜೆನ್ಸಿಯೊಂದರಲ್ಲಿ ವಿದೇಶಿ ಟಿಕೆಟ್‌ಗಳನ್ನು ನೋಡಿಕೊಳ್ಳುವ ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರು ಮಕ್ಕಳನ್ನು, ಮೊಮ್ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೊರಟ ಹಿರಿಯರು. ದರಕ್ಕಿಂತ ಮೊದಲು ಅವರು ಕೇಳುವುದು, "ಎಷ್ಟು ದೂರ ಐತಪ್ಪ, ಎಷ್ಟು ತಾಸು ಕುಂದ್ರಬೇಕು?" ಎಂದು. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದನ್ನು ದೂರದಿಂದ ಭಾಗಾಕಾರ ಮಾಡಿ ಹೇಳಬಾರದು ಎಂಬುದನ್ನು ಈ ಕೆಲಸ ನನಗೆ ಕಲಿಸಿದೆ.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಭೂಗೋಳದ ಮೇಲಿನ ಅತಿ ಹತ್ತಿರದ ಹಾದಿ ಸುಮಾರು 14,000 ಕಿ.ಮೀ. ಎರಡೂ ಊರುಗಳ ರೇಖಾಂಶಗಳ ನಡುವೆ ಸುಮಾರು 160 ಡಿಗ್ರಿ ಅಂತರವಿರುವುದರಿಂದ ಈ ಹಾದಿ ಉತ್ತರ ಧ್ರುವದ ಸಮೀಪದಿಂದ ಸಾಗುತ್ತದೆ. ಗೋಡೆಯ ಭೂಪಟ ನೋಡುವವರಿಗೆ ಇದು ನಂಬಿಕೆಯಾಗದು. ಗ್ಲೋಬಿನ ಮೇಲೆ ದಾರ ಎಳೆದು ತೋರಿಸಿದರೆ ಒಪ್ಪುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನವನ್ನು ತಂದದ್ದು ಧ್ರುವದ ಕಡೆಯಿಂದಲೇ.

ಆದರೆ ಹತ್ತಿರದ ಹಾದಿಯಲ್ಲೇ ವಿಮಾನ ಹೋಗುತ್ತದೆ ಎಂದೇನಿಲ್ಲ. ಗಾಳಿ ಒಂದು ಕಾರಣ: ಟೋಕಿಯೊ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವಿನ ದೂರ ಎರಡೂ ಕಡೆಯಿಂದ ಸುಮಾರು 8,250 ಕಿ.ಮೀ. ಆದರೂ, ಆಕಾಶದ ಎತ್ತರದಲ್ಲಿ ಪಶ್ಚಿಮದಿಂದ ರಭಸವಾಗಿ ಬೀಸುವ ಜೆಟ್ ಸ್ಟ್ರೀಮ್ ಗಾಳಿಯಿಂದಾಗಿ ಟೋಕಿಯೊದಿಂದ ಹೋಗುವಾಗ ಒಂಬತ್ತೂವರೆ ತಾಸು, ಅಲ್ಲಿಗೆ ಮರಳುವಾಗ ಹನ್ನೊಂದು ತಾಸು ಹಿಡಿಯುವುದುಂಟು. ವಾಯುಪ್ರದೇಶ ಇನ್ನೊಂದು ಕಾರಣ. 2022ರಲ್ಲಿ ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿದ ಮೇಲೆ ಫಿನ್‌ಲೆಂಡಿನ ಹೆಲ್ಸಿಂಕಿಯಿಂದ ಟೋಕಿಯೊಗೆ ಹೋಗುವ ಫಿನ್ನೇರ್ ವಿಮಾನಗಳ ಪ್ರಯಾಣ ಸುಮಾರು ಒಂಬತ್ತು ತಾಸಿನಿಂದ ಹದಿಮೂರಕ್ಕೆ ಏರಿತು. ಊರುಗಳೇನೂ ದೂರ ಸರಿದಿರಲಿಲ್ಲ.

ನಡುವೆ ಇಳಿದು ಹತ್ತುವ ಟಿಕೆಟ್ಟಾದರೆ ಫ್ರಾಂಕ್‌ಫರ್ಟ್ ಮೂಲಕ ಒಟ್ಟು ದೂರವೇ 16,500 ಕಿ.ಮೀ. ದಾಟುತ್ತದೆ, ಅಲ್ಲಿ ಕಾಯುವ ಹೊತ್ತು ಬೇರೆ.

ಎಲ್ಲಕ್ಕಿಂತ ಹೆಚ್ಚು ಗೊಂದಲವಾಗುವುದು ಟಿಕೆಟ್ಟಿನ ಮೇಲಿನ ಗಡಿಯಾರದಿಂದ. ಅದರಲ್ಲಿ ಮುದ್ರಿತವಾಗುವುದು ಆಯಾ ಊರಿನ ಸ್ಥಳೀಯ ಸಮಯ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ತಾಸು ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಮಂಗಳವಾರ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟ ವಿಮಾನ ಅದೇ ಸಂಜೆ 5ಕ್ಕೆ ಇಳಿಯುತ್ತದೆ ಎಂದು ಚಳಿಗಾಲದ ಟಿಕೆಟ್ಟಿನಲ್ಲಿದ್ದರೆ, ಕಾಗದದ ಮೇಲೆ ಮೂರು ತಾಸು ಕಂಡರೂ ಕೂರಬೇಕಾದದ್ದು ಹದಿನಾರೂವರೆ ತಾಸು. ಮರಳುವಾಗ ಮಂಗಳವಾರ ರಾತ್ರಿ ಹೊರಟವರು ಗುರುವಾರ ಬೆಳಗಿನ ಜಾವ ಇಳಿದರೆ, ಬುಧವಾರ ಎಲ್ಲಿ ಹೋಯಿತು ಎಂದು ಕೇಳುತ್ತಾರೆ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಕುತೂಹಲದ ಮಾತಲ್ಲ. ವೈದ್ಯರಿಗೆ ತೋರಿಸಲೆಂದು ಪ್ರತಿ ಹಂತದ ಸಮಯವನ್ನು ಭಾರತದ ಗಡಿಯಾರದಲ್ಲಿಯೂ ಬರೆದುಕೊಡುತ್ತೇನೆ.

ಆ ಹಾಳೆಯ ಮೊದಲ ಸಾಲು ವಿಮಾನದ್ದಲ್ಲ, ಮನೆ ಬಿಡುವ ಹೊತ್ತಿನದು. ಚಿತ್ರದುರ್ಗ, ಹಿರಿಯೂರು, ಸಿರಾ, ತುಮಕೂರು ದಾಟಿ, ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ತಲುಪಿದರೆ ಬೆಂಗಳೂರು ನಗರದ ದಟ್ಟಣೆ ತಪ್ಪುತ್ತದೆ. ವಿಮಾನ ಹೊರಡುವುದಕ್ಕೆ ಮೂರು ತಾಸು ಮೊದಲು ಅಲ್ಲಿರಬೇಕಾದ್ದರಿಂದ, ಮಧ್ಯಾಹ್ನ 2ರ ವಿಮಾನಕ್ಕೆ ದಾವಣಗೆರೆಯಿಂದ ಬೆಳಗಿನ ಜಾವ 5ಕ್ಕೇ ಕಾರು ಹೊರಡಲಿ ಎನ್ನುತ್ತೇನೆ.