ಗಂಜಾಂನಲ್ಲಿ ಒಂದು ಶನಿವಾರ

ದೈವಕರೆಯ ಬಗ್ಗೆ ಸಾಕ್ಷ್ಯ ಹೇಳುವವರನ್ನು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇನೆ. ಎಲ್ಲರ ಕಥೆಯಲ್ಲೂ ಒಂದು ಗುಡುಗು ಇರುತ್ತದೆ. ಜ್ವರದಲ್ಲಿ ಬಿದ್ದ ಕನಸು, ಚರ್ಚಿನ ಬಲಿಪೂಜೆಯ ನಡುವೆ ಕೇಳಿದ ದನಿ, ಸುಮ್ನೆ ತೆರೆದ ಬೈಬಲ್‌ನಲ್ಲಿ ಸರಿಯಾಗಿ ಅದೇ ವಾಕ್ಯ. ಮದರ್ ತೆರೇಸಾ ಅವರ ರೈಲಿನ ಕಥೆಯಂತೂ ನಮ್ಮ ಧರ್ಮೋಪದೇಶದ ತರಗತಿಯಲ್ಲಿ ತಪ್ಪದೆ ಬರುತ್ತಿತ್ತು. 1946ರ ಸೆಪ್ಟೆಂಬರ್ 10, ಡಾರ್ಜಿಲಿಂಗ್ ಕಡೆ ಹೋಗುವ ರೈಲು, ಬಡವರ ನಡುವೆ ಹೋಗಿ ಬದುಕು ಎಂಬ ಕರೆ. ಆದರೆ ಆಮೇಲೆ ಅವರು ಅನುಮತಿಗಾಗಿ ಕಾದರು, ಕಾನ್ವೆಂಟ್ ಬಿಟ್ಟು ಹೊರಬಂದದ್ದು 1948ರ ಆಗಸ್ಟ್‌ನಲ್ಲಿ. ಅದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ. ನನಗೆ ಈಗ ರೈಲಿಗಿಂತ ಆ ಕಾಯುವಿಕೆಯೇ ಜಾಸ್ತಿ ಮುಖ್ಯ ಅನ್ನಿಸುತ್ತದೆ.

ನನಗೆ ಬಂದದ್ದು ವಾಟ್ಸಾಪ್‌ನಲ್ಲಿ, ಒಂದು ವಾಯ್ಸ್ ಮೆಸೇಜ್. ನಮ್ಮ ಮಂಡ್ಯ ಕಡೆಯವರೇ ಆದ ಒಬ್ಬ ಸಿಸ್ಟರ್ (ಕ್ರೈಸ್ತ ಸನ್ಯಾಸಿನಿ) ಛತ್ತೀಸಗಡದ ಉತ್ತರ ಭಾಗದಲ್ಲಿ, ಕಾಡಿನಂಚಿನ ಒಂದು ಆರೋಗ್ಯ ಕೇಂದ್ರ ನೋಡಿಕೊಳ್ಳುತ್ತಾರೆ. "ನಮ್ಮಲ್ಲಿದ್ದ ನರ್ಸ್ ಮದುವೆಯಾಗಿ ಹೋದ್ಲು ಕಣೇ. ಎರಡು ವರ್ಷಕ್ಕೆ ಬರ್ತೀಯಾ? ಸಂಬಳ ಕಮ್ಮಿ. ಯೋಚನೆ ಮಾಡಿ ಹೇಳು, ಅರ್ಜೆಂಟಿಲ್ಲ." ಅಷ್ಟೇ. ಹಿಂದೆ ಎಲ್ಲೋ ಕೋಳಿ ಕೂಗುತ್ತಿತ್ತು. ಕೋಳಿ ಕೂಗುವ ಮುಂಚೆ ಯೇಸುವನ್ನು ಅರಿಯೆ ಅಂದ ಪೇತ್ರನ ನೆನಪಾಗಿ ನಗು ಬಂತು.

ನಾನು ಮಂಡ್ಯದವಳು. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಸ್ಟಾಫ್ ನರ್ಸ್. ದಿನಾ ರೈಲಿನಲ್ಲಿ ಓಡಾಟ. ಮನೆಯಲ್ಲಿ ಅಪ್ಪ, ಅಮ್ಮ, ಮದುವೆಗೆ ಇರುವ ತಂಗಿ. ಇದರಲ್ಲಿ ದೇವರು ಎಲ್ಲಿ ಬಂದ? ಕೆಲಸಕ್ಕೆ ಜನ ಬೇಕು ಅಂತ ಒಬ್ಬ ಸಿಸ್ಟರ್ ಕೇಳಿದರು, ಅದನ್ನೇ ಕರೆ ಅಂದುಕೊಂಡರೆ ಪೇಪರ್‌ನಲ್ಲಿ ಬರುವ ಜಾಹೀರಾತೆಲ್ಲ ಕರೆಯೇ ಆಗಬೇಕು ಅಲ್ವಾ? ಹಾಗಂತ ತಳ್ಳಿಹಾಕಿದೆ. ಆದರೆ ಆ ದನಿ ಹೋಗಲಿಲ್ಲ. ಡ್ರಿಪ್ ಹಾಕುವಾಗ, ರೈಲಿಗೆ ಕಾಯುವಾಗ ವಾಪಸ್ ಬರುತ್ತಿತ್ತು.

ಮೈಸೂರಿನಲ್ಲಿ ನಿವೃತ್ತರಾಗಿ ವಿಶ್ರಾಂತಿಯಲ್ಲಿರುವ ಒಬ್ಬ ಸ್ವಾಮಿಯವರ, ಅಂದರೆ ಪಾದ್ರಿಯವರ, ಹತ್ತಿರ ಹೋದೆ. ಅವರು ಉತ್ತರ ಕೊಡುವವರಲ್ಲ. ಮೊದಲು ಜೆಸ್ವಿತ್ ಸಭೆ ಕಟ್ಟಿದ ಸಂತ ಇನ್ಯಾಸಿಯವರ (ಇಗ್ನೇಷಿಯಸ್) ಕಥೆ ತೆಗೆದರು. 1521ರಲ್ಲಿ ಪಾಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದ ಸಿಪಾಯಿ. ಹಾಸಿಗೆಯಲ್ಲಿ ಮಲಗಿ ಹೊತ್ತು ಹೋಗದೆ ಹಗಲುಗನಸು ಕಾಣುತ್ತಿದ್ದ. ಒಮ್ಮೆ ದೊಡ್ಡ ಮನೆತನದ ಹೆಣ್ಣನ್ನು ಮೆಚ್ಚಿಸುವ ಕನಸು, ಇನ್ನೊಮ್ಮೆ ಸಂತರ ಹಾಗೆ ಬರಿಗಾಲಲ್ಲಿ ಜೆರುಸಲೇಮಿಗೆ ಹೋಗುವ ಕನಸು. ಎರಡೂ ಕಾಣುವಾಗ ಖುಷಿಯೇ. ಮುಗಿದ ಮೇಲೆ ಮೊದಲನೆಯದು ಮನಸ್ಸನ್ನು ಒಣಗಿಸುತ್ತಿತ್ತು, ಎರಡನೆಯದರ ಖುಷಿ ಉಳಿಯುತ್ತಿತ್ತು.

"ನೆಲ್ಲಿಕಾಯಿ ತಿಂದು ನೀರು ಕುಡಿದಂಗೆ," ಎಂದರು ಸ್ವಾಮಿಯವರು. "ತಿನ್ನುವಾಗಿನ ರುಚಿ ನೋಡ್ಬೇಡ. ಆಮೇಲಿಂದು ನೋಡು."

ಇನ್ನೊಂದು ಮಾತನ್ನೂ ಹೇಳಿದರು. ಮನಸ್ಸು ಕುಗ್ಗಿರುವಾಗ ಹಿಂದೆ ಮಾಡಿದ ನಿರ್ಧಾರ ಬದಲಿಸಬಾರದು ಅಂತ ಇನ್ಯಾಸಿಯವರು ಬರೆದಿದ್ದಾರಂತೆ. ನೈಟ್ ಡ್ಯೂಟಿ ಮುಗಿಸಿ ಬಂದ ದಿನ ಬದುಕಿನ ಬಗ್ಗೆ ಏನನ್ನೂ ತೀರ್ಮಾನಿಸಬೇಡ ಅಂತ ನಾನದನ್ನು ನನ್ನ ಭಾಷೆಗೆ ಇಳಿಸಿಕೊಂಡೆ.

ಹೊರಡುವಾಗ ಒಂದಷ್ಟು ಹಾಳೆ ಕೊಟ್ಟರು. "ಅಬ್ಬೆ ದುಬ್ವಾ ಬಗ್ಗೆ ಇದೆ, ಇನ್ನೂರು ವರ್ಷದ ಹಿಂದೆ ಶ್ರೀರಂಗಪಟ್ಟಣದಲ್ಲಿದ್ದ ಫ್ರೆಂಚ್ ಪಾದ್ರಿ. ಮಿಷನ್ ಭಾನುವಾರಕ್ಕೆ ಮುಂಚಿನ ಶನಿವಾರ ನಿಂಗೆ ರಜೆ ಅಂದ್ಯಲ್ಲ, ಗಂಜಾಂಗೆ ಹೋಗಿ ಚರ್ಚಲ್ಲಿ ಕೂತ್ಕೊಂಡು ಓದು. ಸಂಜೆ ಬಂದು ನಂಗೆ ಒಂದೇ ಒಂದು ಮಾತು ಹೇಳು. ಅವನಿಗೆ ಕರೆ ಇತ್ತಾ, ಇಲ್ವಾ?"

ಶ್ರೀರಂಗಪಟ್ಟಣ ಸ್ಟೇಷನ್ನನ್ನು ದಿನಾ ಕಿಟಕಿಯಿಂದ ನೋಡುವವಳು ಅವತ್ತು ಇಳಿದೆ. ಗಂಜಾಂ ಅಂದಕೂಡಲೇ ಆಟೋದವನು "ನಿಮಿಷಾಂಬ ದೇವಸ್ಥಾನ ತಾನೇ?" ಎಂದ. ಅವನ ತಪ್ಪಲ್ಲ, ಗಂಜಾಂಗೆ ಹೊರಗಿನಿಂದ ಬರುವ ಜನರಲ್ಲಿ ಹೆಚ್ಚಿನವರು ಅಲ್ಲಿಗೇ ಬರುವುದು. ಬೇಡಿದ್ದು ನಿಮಿಷದಲ್ಲಿ ಈಡೇರುತ್ತದೆ ಅನ್ನುವ ನಂಬಿಕೆ. ಚರ್ಚಿಗೆ ಅಂದೆ. "ಓ, ಸರಿ ಬನ್ನಿ," ಎಂದು ದಾರಿಯುದ್ದಕ್ಕೂ ಗಂಜಾಂ ಅಂಜೂರದ ಹಿಂದಿನ ವೈಭವ ಹೇಳಿಕೊಂಡು ಬಂದ.

ಚರ್ಚಿನಲ್ಲಿ ಯಾರೂ ಇರಲಿಲ್ಲ. ಮೊದಲು ಬೈಬಲ್‌ನ 1 ಸಮುವೇಲ 3ನೇ ಅಧ್ಯಾಯ ಓದಿದೆ. ಧರ್ಮಪ್ರಚಾರದ ಕೆಲಸವನ್ನು ನೆನೆಯುವ ಮಿಷನ್ ಭಾನುವಾರ ಬಂದರೆ ಕರೆಯ ಬಗ್ಗೆ ಯಾರಾದರೂ ಓದುವುದೇ ಅದನ್ನು. ಹುಡುಗ ಸಮುವೇಲ ಮಲಗಿದ್ದಾನೆ, ದೇವರು ಕರೆಯುತ್ತಾನೆ, ಅವನು ಎದ್ದು ಮುದುಕ ಯಾಜಕ ಏಲಿಯ ಹತ್ತಿರ ಓಡುತ್ತಾನೆ. ಮೂರು ಸಲ. ಮೂರನೆಯ ಸಲ ಏಲಿಗೆ ಹೊಳೆಯುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಮುಂದಿನದನ್ನು ಪ್ರಬೋಧನೆಯಲ್ಲಿ ಕೇಳಿದ ನೆನಪೇ ಇಲ್ಲ. ದೇವರು ಆ ಹುಡುಗನಿಗೆ ಹೇಳಿದ ಮೊದಲ ಸುದ್ದಿ ಏನು? ಏಲಿಯ ಮನೆತನ ಹಾಳಾಗುತ್ತದೆ ಅಂತ. ಕರೆ ಗುರುತಿಸಲು ಸಹಾಯ ಮಾಡಿದ ಮುದುಕನಿಗೇ ಆ ಕೆಟ್ಟ ಸುದ್ದಿ ಮುಟ್ಟಿಸಬೇಕು. ಸಮುವೇಲ ಬೆಳಗಿನ ತನಕ ಮಲಗಿ, ಎದ್ದು ದೇವಾಲಯದ ಬಾಗಿಲು ತೆರೆಯುತ್ತಾನೆ. ಹೇಳಲು ಹೆದರುತ್ತಾನೆ. ನನಗೆ ಆ ಹೆದರಿಕೆ ಓದಿ ಸಮಾಧಾನವಾಯಿತು. ನಾನೂ ಅಮ್ಮನಿಗೆ ಇನ್ನೂ ಹೇಳಿರಲಿಲ್ಲ.

ಆಮೇಲೆ ದುಬ್ವಾ. ಫ್ರಾನ್ಸಿನವರು. 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಭಾರತಕ್ಕೆ ಹೊರಟರು. ಅಲ್ಲಿ ಕ್ರಾಂತಿಯ ಕಾಲ, ಗುರುಗಳ ತಲೆ ಉಳಿಯುವುದೇ ಕಷ್ಟ. ಅವರು ಕರೆಗೆ ಓಗೊಟ್ಟು ಬಂದರೋ ಜೀವ ಉಳಿಸಿಕೊಳ್ಳಲು ಬಂದರೋ ಅಂತ ಕೇಳಿದರೆ ಎರಡೂ ಇರಬಹುದು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು ಚದುರಿಹೋಗಿದ್ದ ಕ್ರೈಸ್ತರನ್ನು ಸೇರಿಸಿದರು. (ಅವರಿಗಿಂತ ನೂರೈವತ್ತು ವರ್ಷ ಮುಂಚೆಯೇ ಇಟಲಿಯ ಜೆಸ್ವಿತ್ ಗುರು ಲಿಯೊನಾರ್ಡೊ ಚಿನ್ನಮಿ ಇದೇ ಪಟ್ಟಣಕ್ಕೆ ಬಂದು ಕನ್ನಡ ಕಲಿತು ಧರ್ಮೋಪದೇಶ ಬರೆದಿದ್ದರು. ನಮ್ಮೂರಿನ ಪಕ್ಕದ ಈ ಚರಿತ್ರೆ ನಮಗೇ ಗೊತ್ತಿಲ್ಲ.) ದುಬ್ವಾ ಈ ನೆಲದ ಉಡುಪು ಹಾಕಿದರು, ಮಾಂಸ ಬಿಟ್ಟರು. ಜನ ಅವರನ್ನು ದೊಡ್ಡ ಸ್ವಾಮಿಯವರು ಅನ್ನುತ್ತಿದ್ದರು. ಹಾಸನದ ಹತ್ತಿರ ಬಡ ಕ್ರೈಸ್ತರಿಗಾಗಿ ಬೇಸಾಯದ ಊರು ಕಟ್ಟಿದರು.

ಮತ್ತೆ ಸಿಡುಬಿನ ಲಸಿಕೆ. ಇಲ್ಲಿ ನಾನು ನಿಂತುಬಿಟ್ಟೆ. ಭಾರತದಲ್ಲಿ ಜೆನ್ನರ್ ಲಸಿಕೆ ಮೊದಲು ಫಲಿಸಿದ್ದು 1802ರ ಜೂನ್‌ನಲ್ಲಿ, ಬೊಂಬಾಯಿಯ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ. ಅದಾದ ಸ್ವಲ್ಪ ಸಮಯಕ್ಕೇ ದುಬ್ವಾ ಮೈಸೂರು ಸೀಮೆಯಲ್ಲಿ ಸಾವಿರಾರು ಜನಕ್ಕೆ ಲಸಿಕೆ ಹಾಕಿಸಿದರು. ಆಗ ಫ್ರಿಜ್ಜಿಲ್ಲ, ಐಸ್ ಬಾಕ್ಸಿಲ್ಲ. ಒಂದು ಮಗುವಿನ ತೋಳಿನಲ್ಲಿ ಲಸಿಕೆಯ ಗುಳ್ಳೆ ಎದ್ದ ಮೇಲೆ, ಸುಮಾರು ಎಂಟನೇ ದಿನಕ್ಕೆ ಅದರ ರಸ ತೆಗೆದು ಮುಂದಿನ ಮಗುವಿನ ತೋಳಿಗೆ. ಅಲ್ಲಿಂದ ಇನ್ನೊಂದಕ್ಕೆ. ಆ ಸರಣಿ ಕಡಿದರೆ ಆ ಊರಿನ ಲಸಿಕೆಯೇ ಕಡಿದಂತೆ. ಎಂಟು ದಿನದ ಮೇಲೆ ಅದೇ ತಾಯಿಯನ್ನು ಹುಡುಕಿ, ಹೆದರಿದ ಆ ಮಗುವಿನ ತೋಳನ್ನು ಇನ್ನೊಮ್ಮೆ ಕೇಳಬೇಕು. ಯಾವ ತಾಯಿ ಒಪ್ಪಿದಳು? ಹೇಗೆ ಒಪ್ಪಿಸಿದರು? ನಮ್ಮ ವಾರ್ಡಿನಲ್ಲಿ ಎರಡನೇ ಡೋಸ್‌ಗೆ ತಾಯಂದಿರನ್ನು ವಾಪಸ್ ಕರೆಸುವುದೇ ದೊಡ್ಡ ಕಷ್ಟ. ಫೋನ್ ಇದೆ, ಕಾರ್ಡ್ ಇದೆ, ಆಶಾ ಕಾರ್ಯಕರ್ತೆ ಇದ್ದಾಳೆ, ಆದರೂ.

ಬಹಳ ಹೊತ್ತು ಅದನ್ನೇ ಯೋಚಿಸುತ್ತಾ ಕುಳಿತಿದ್ದೆ. ಪ್ರಾರ್ಥನೆ ಅಂತ ಮಾಡಿದ್ದು ಕಮ್ಮಿ.

ಕೊನೆಯ ಹಾಳೆಗಳು ಕಹಿ. ಇಷ್ಟೆಲ್ಲ ಮಾಡಿದ ಮನುಷ್ಯ 1823ರಲ್ಲಿ ದೇಶಕ್ಕೆ ಮರಳಿದರು. ಇಲ್ಲಿ ಧರ್ಮ ಹರಡುವುದು ಆಗದ ಮಾತು ಅಂತ ಬರೆದರು. ಇಷ್ಟು ವರ್ಷದಲ್ಲಿ ತಾನು ಕ್ರೈಸ್ತರನ್ನಾಗಿ ಮಾಡಿದ್ದು ಇನ್ನೂರು ಮುನ್ನೂರು ಜನರನ್ನು, ಅವರಲ್ಲೂ ಹೆಚ್ಚಿನವರು ದಿಕ್ಕಿಲ್ಲದವರು ಅಂತ ಅಸಮಾಧಾನದಿಂದ ಲೆಕ್ಕ ಕೊಟ್ಟರು. ಅದನ್ನು ಓದಿ ನನಗೆ ಸಿಟ್ಟು ಬಂತು. ದಿಕ್ಕಿಲ್ಲದವರು ಬಂದರೆ ಅದು ಸೋಲೇ? ಯೇಸುಸ್ವಾಮಿಯ ಹಿಂದೆ ಬಂದವರಾದರೂ ಯಾರು? ತಮಾಷೆ ಅಂದರೆ, ಆಗದ ಕೆಲಸ ಅಂದವರೇ ಆಮೇಲೆ ಪ್ಯಾರಿಸ್ಸಿನಲ್ಲಿ ಮಿಷನರಿಗಳನ್ನು ತಯಾರು ಮಾಡುವ ಸಂಸ್ಥೆಯಲ್ಲಿ ದುಡಿದರು, ಅದರ ಮುಖ್ಯಸ್ಥರೂ ಆದರು. 1848ರಲ್ಲಿ ತೀರಿಕೊಂಡರು.

ಸಂಜೆ ಮೈಸೂರಿಗೆ ಬಂದು ಸ್ವಾಮಿಯವರ ಮುಂದೆ ಕುಳಿತೆ. ಕರೆ ಇತ್ತಾ ಇಲ್ವಾ ಅನ್ನುವ ಪ್ರಶ್ನೆ ಅವರು ಕೇಳುವ ಮೊದಲೇ ನಾನು ಲಸಿಕೆ ಶುರು ಮಾಡಿದ್ದೆ. ತೋಳಿನಿಂದ ತೋಳಿಗೆ ಸಾಗಿಸುವುದು, ತಾಯಂದಿರು. ಅಲ್ಲಿಂದ ಮಾತು ಛತ್ತೀಸಗಡಕ್ಕೆ ಹೋಯಿತು. ಸಿಸ್ಟರ್ ಇರುವ ಕಡೆ ಕರೆಂಟ್ ಎಷ್ಟು ಹೊತ್ತು ಇರುತ್ತೋ, ಲಸಿಕೆ ಹೇಗೆ ತಂಪಾಗಿಡುತ್ತಾರೋ. ಆ ಕಡೆ ಸಿಕಲ್ ಸೆಲ್ ರಕ್ತಹೀನತೆ ಜಾಸ್ತಿ, ಅದರ ಮಕ್ಕಳಿಗೆ ನೋವು ಬಂದಾಗ ನೀರಿನಂಶ ಕಮ್ಮಿಯಾಗದಂತೆ ನೋಡಬೇಕು, ಹತ್ತಿರದ ದೊಡ್ಡಾಸ್ಪತ್ರೆ ಎಷ್ಟು ದೂರವೋ.

ಅವರು ಸುಮ್ಮನೆ ಕೇಳಿ, ಕನ್ನಡಕ ಒರೆಸಿಕೊಂಡರು. "ಹೋದ್ ಸಲ ಬಂದಾಗ ಮಾತೆಲ್ಲ ನಿನ್ನ ಬಗ್ಗೇನೇ ಇತ್ತು ಕಣವ್ವ. ನಂಗೆ ಕರೆ ಇದ್ಯಾ, ನಾನು ಯೋಗ್ಯಳಾ, ನಂಗೆ ಹೆಂಗೆ ಗೊತ್ತಾಯ್ತದೆ. ಈಗ ಅರ್ಧ ಗಂಟೆಯಿಂದ ನೀನು ಅಲ್ಲೀ ಮಕ್ಕಳ ವಿಚಾರ ಮಾತಾಡ್ತಿದ್ದೀಯ."

"ಹಂಗಾದ್ರೆ ಹೋಗ್ಲಾ ಸ್ವಾಮಿ?"

"ಅದನ್ನ ನಾನು ಹೇಳಲ್ಲ. ಕ್ರಿಸ್ಮಸ್‌ವರೆಗೆ ಕಾಯಿ. ಈ ಖುಷಿ ಉಳೀತದಾ ನೋಡು. ಮನೇಲಿ ಹೇಳು. ಅವರ ಮಾತೂ ಕೇಳ್ಬೇಕು, ದೇವರು ಅಪ್ಪ ಅಮ್ಮನ್ನ ಬಿಟ್ಟು ಬರೀ ನಿನ್ ಹತ್ರ ಮಾತಾಡ್ತಾನೆ ಅನ್ಕೋಬೇಡ."

ದುಬ್ವಾ ವಿಷಯ ನಾನೇ ನೆನಪಿಸಿದೆ. ಇತ್ತು ಅನ್ನಿಸುತ್ತೆ, ಆದರೆ ಯಾವುದಕ್ಕೆ ಕರೆದಿದ್ದು ಅಂತ ಅವರಿಗೇ ತಿಳಿಯಲಿಲ್ಲವೇನೋ ಅಂದೆ. ಸ್ವಾಮಿಯವರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಕಾಫಿ ಕುಡಿದು ಹೋಗು ಅಂದರು.

ಮಾರನೇ ದಿನ ಮಿಷನ್ ಭಾನುವಾರ. 1926ರಲ್ಲಿ ಹನ್ನೊಂದನೇ ಪಯಸ್ ಜಗದ್ಗುರುಗಳು (ಪೋಪ್) ಶುರುಮಾಡಿದ್ದು, ಅಕ್ಟೋಬರ್‌ನ ಕೊನೆಯದಕ್ಕಿಂತ ಮೊದಲಿನ ಭಾನುವಾರ. ನಮ್ಮಲ್ಲಿ ಆ ದಿನ ಅಂದರೆ ಕಾಣಿಕೆ ಲಕೋಟೆ. ಅಮ್ಮ ಲಕೋಟೆಗೆ ನೋಟು ಹಾಕುತ್ತಿದ್ದಾಗ ಹೇಳಿಬಿಟ್ಟೆ. ಅವರ ಕೈ ನಿಂತಿತು. ಆಮೇಲೆ ಇನ್ನೊಂದು ನೋಟು ಹಾಕಿ ಅಂಟಿಸಿದರು. "ತಗೋ, ಇನ್ನೂ ನೂರು ಜಾಸ್ತಿ ಹಾಕಿದ್ದೀನಿ. ನೀನ್ಯಾಕೆ ಹೋಗ್ಬೇಕು?"

ವಾದ ಬಹಳ ದಿನ ನಡೆಯಿತು. ಅಮ್ಮನ ಕೈಯಲ್ಲಿ ಗಟ್ಟಿ ಅಸ್ತ್ರವೂ ಇತ್ತು. ಫ್ರಾನ್ಸಿನ ಲಿಸ್ಯೂನ ಸಂತ ತೆರೇಸಾ. ಮಠ ಸೇರಿದ ಮೇಲೆ ಹೊರಗೆ ಕಾಲಿಡದೆ 24ನೇ ವಯಸ್ಸಿಗೆ ತೀರಿಕೊಂಡ ಹುಡುಗಿ, 1927ರಲ್ಲಿ ಅವಳನ್ನೇ ಧರ್ಮಸಭೆ ಮಿಷನ್‌ಗಳ ಪಾಲಕಿ ಅಂತ ಸಾರಿತು. "ಅವಳು ಕೂತ ಕಡೆಯಿಂದ ಮಿಷನ್ ಮಾಡ್ಲಿಲ್ವಾ? ನೀನೂ ಮಂಡ್ಯದಲ್ಲಿ ಕೂತ್ಕೊಂಡು ಜಪಮಾಲೆ ಹೇಳು." ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಇವತ್ತಿಗೂ ಇಲ್ಲ. ಅಪ್ಪನ ಹೆದರಿಕೆ ಬೇರೆ. 2025ರ ಜುಲೈನಲ್ಲಿ ಛತ್ತೀಸಗಡದ ದುರ್ಗ್ ರೈಲು ನಿಲ್ದಾಣದಲ್ಲಿ ಕೇರಳದ ಇಬ್ಬರು ಸಿಸ್ಟರ್‌ಗಳನ್ನು ಮತಾಂತರದ ಆರೋಪ ಹೊರಿಸಿ ಬಂಧಿಸಿದ್ದನ್ನು ಟಿ.ವಿ.ಯಲ್ಲಿ ನೋಡಿದ್ದರು. ಜಾಮೀನು ಸಿಕ್ಕ ಸುದ್ದಿ ಹೇಳಿದರೂ ಮುಖ ಸಡಿಲವಾಗಲಿಲ್ಲ. ಅವರ ಭಯ ಸುಳ್ಳು ಅಂತ ನಾನು ಹೇಳಲಾರೆ. ನಾನು ಹೋಗುವುದು ನರ್ಸ್ ಕೆಲಸಕ್ಕೆ, ಯಾರ ದೇವರನ್ನೂ ಬದಲಿಸಲು ಅಲ್ಲ ಅಂದೆ. "ಅದು ನಿಂಗೊತ್ತು, ನಂಗೊತ್ತು," ಎಂದರು ಅಪ್ಪ.

ಕೊನೆಗೆ ಅಮ್ಮನೇ ಸಿಸ್ಟರ್‌ಗೆ ಫೋನ್ ಮಾಡಿದರು. ಒಂದು ಗಂಟೆ ಮಾತು. ಕಕ್ಕಸು ಒಳಗಾ ಹೊರಗಾ, ರಾತ್ರಿ ಕೇಸ್ ಬಂದರೆ ಜೊತೆಗೆ ಯಾರು ಹೋಗುತ್ತಾರೆ, ನೆಟ್‌ವರ್ಕ್ ಯಾವುದು, ಮುದ್ದೆ ಸಿಗುತ್ತಾ. ನಾನು ಕೇಳಬೇಕಾಗಿದ್ದ ಪ್ರಶ್ನೆಗಳೆಲ್ಲ ಅಮ್ಮನ ಬಾಯಲ್ಲಿ ಬಂದವು. ಫೋನ್ ಇಟ್ಟು, "ಮೊದಲು ಒಂದು ವರ್ಷ. ಆಮೇಲೆ ನೋಡೋಣ," ಎಂದರು. ಆಗ ಕ್ರಿಸ್ಮಸ್ ಕಳೆದು ಹೊಸ ವರ್ಷ ಬಂದಿತ್ತು. ಸ್ವಾಮಿಯವರು ಹೇಳಿದ ಖುಷಿ ಉಳಿದಿತ್ತು, ಜೊತೆಗೆ ಹೆದರಿಕೆಯೂ.

ಈಸ್ಟರ್ ಮುಗಿಸಿಕೊಂಡು ಹೊರಡಬೇಕು. ವಾರ್ಡಿನಲ್ಲಿ ಬಿಹಾರದ ಹುಡುಗನೊಬ್ಬ ಇದ್ದಾನೆ, ಊಟದ ಹೊತ್ತಿನಲ್ಲಿ ಅವನಿಂದ ಹಿಂದಿ ಕಲಿಯುತ್ತಿದ್ದೆ. ಎಲ್ಲಿ ನೋವು, ಎಷ್ಟು ದಿನದಿಂದ ಜ್ವರ, ಇಷ್ಟು ಬಂದರೆ ಸಾಕು ಅಂದುಕೊಂಡಿದ್ದೆ. ಮೊನ್ನೆ ಸಿಸ್ಟರ್ ಹೇಳಿದರು, ಅಲ್ಲಿನ ಅಜ್ಜಿಯರು ಮಾತಾಡುವುದು ಕುಡುಖ್ ಅಂತೆ, ಒರಾಂವ್ ಜನರ ಮಾತು. ಅದು ನಮ್ಮ ಕನ್ನಡದ ಹಾಗೆ ದ್ರಾವಿಡ ಕುಲದ್ದೇ, ದೂರದ ನೆಂಟ. ಮೈಸೂರಿನಲ್ಲಿ ಕುಡುಖ್ ಟ್ಯೂಷನ್ ಹೇಳುವವರು ಯಾರು ಸಿಗುತ್ತಾರೆ? ಮಾನಸಗಂಗೋತ್ರಿಯಲ್ಲಿ ಭಾರತೀಯ ಭಾಷಾ ಸಂಸ್ಥಾನ ಇದೆಯಲ್ಲ, ಮುಂದಿನ ವೀಕ್ಲಿ ಆಫ್‌ನಲ್ಲಿ ಅಲ್ಲಿಗೆ ಹೋಗಿ ವಿಚಾರಿಸಬೇಕು.