ಬ್ರಯನ್ ಓರ್ಸರ್: ಎರಡು ಬೆಳ್ಳಿ, ಆಮೇಲೆ ಕೋಚಿಂಗ್

ಈಗ ಫಿಗರ್ ಸ್ಕೇಟಿಂಗ್ ನೋಡೋ ಹೆಚ್ಚಿನವ್ರಿಗೆ ಬ್ರಯನ್ ಓರ್ಸರ್ ಅಂದ್ರೆ ಕೋಚ್ ಅಂತಾನೇ ಪರಿಚಯ, ಕೊರಿಯಾದ ಯುನಾ ಕಿಮ್‌ಗೆ, ಜಪಾನಿನ ಯುಜುರು ಹನ್ಯುಗೆ ಕೋಚ್ ಆಗಿದ್ದವ್ರು ಅಂತ. ಆದ್ರೆ ಅವ್ರು ಸ್ಕೇಟರ್ ಆಗಿದ್ದಾಗ ಏನೇನಾಯ್ತು ಅಂತ ಗೊತ್ತಿಲ್ದಿದ್ರೆ ಅವ್ರ ಕೋಚಿಂಗ್ ಅರ್ಧ ಮಾತ್ರ ಅರ್ಥ ಆಗುತ್ತೆ ಅಂತ ನಂಗನ್ಸುತ್ತೆ.

1984ರ ಸರಾಯೆವೋ ಒಲಿಂಪಿಕ್ಸ್. ಅಲ್ಲಿ ಓರ್ಸರ್ ಟ್ರಿಪಲ್ ಆಕ್ಸೆಲ್ ಅನ್ನೋ ಜಂಪ್ ಹಾಕಿದ್ರು, ಒಲಿಂಪಿಕ್ಸಲ್ಲಿ ಅದನ್ನ ಮಾಡಿದ್ದು ಅವ್ರೇ ಮೊದ್ಲು. (ಮುಂದಕ್ಕೆ ಮುಖ ಮಾಡಿ ಹಾರೋ ಜಂಪ್ ಆಕ್ಸೆಲ್ ಒಂದೇ, ಅದಕ್ಕೇ ಹೆಸ್ರು ಟ್ರಿಪಲ್ ಆದ್ರೂ ಗಾಳೀಲಿ ಮೂರೂವರೆ ಸುತ್ತು ತಿರುಗ್ಬೇಕು.) ಸಂಗೀತಕ್ಕೆ ಸ್ಕೇಟ್ ಮಾಡೋ ಎರಡು ಸುತ್ತು, ಶಾರ್ಟ್ ಪ್ರೋಗ್ರಾಮು, ಫ್ರೀ ಸ್ಕೇಟು, ಎರಡ್ರಲ್ಲೂ ಅವ್ರೇ ಫಸ್ಟು, ಆದ್ರೂ ಸಿಕ್ಕಿದ್ದು ಬೆಳ್ಳಿ! ಆಗ ಕಂಪಲ್ಸರಿ ಫಿಗರ್ಸ್ ಅಂತ ಒಂದು ಭಾಗ ಇತ್ತು, ಬ್ಲೇಡಿನ ಅಂಚಲ್ಲಿ ಐಸ್ ಮೇಲೆ ವೃತ್ತ ಬರೆದು ಅದೇ ಗೆರೆ ಮೇಲೆ ಮತ್ತೆ ಮತ್ತೆ ಹೋಗ್ಬೇಕು, ಜಡ್ಜ್‌ಗಳು ಬಗ್ಗಿ ಗೆರೆ ನೋಡಿ ಮಾರ್ಕ್ಸ್ ಕೊಡ್ತಿದ್ರು, ಅದ್ರಲ್ಲಿ ಏಳನೇ ಸ್ಥಾನ ಬಂತು, ಚಿನ್ನ ಸ್ಕಾಟ್ ಹ್ಯಾಮಿಲ್ಟನ್ ಪಾಲಾಯ್ತು.

1987ರಲ್ಲಿ ವರ್ಲ್ಡ್ ಚಾಂಪಿಯನ್. ಮುಂದಿನ ವರ್ಷ ಒಲಿಂಪಿಕ್ಸ್ ಅವ್ರ ದೇಶದಲ್ಲೇ, ಕ್ಯಾಲ್ಗರೀಲಿ, ಕೆನಡಾ ಬಾವುಟ ಹಿಡಿದು ನಡೆದಿದ್ದೂ ಅವ್ರೇ. ಎದುರಿಗೆ ಅಮೆರಿಕದ ಬ್ರಯನ್ ಬೊಯಿಟಾನೊ. ಓರ್ಸರ್‌ಗೆ ಟ್ರಿಪಲ್ ಫ್ಲಿಪ್ (ಇನ್ನೊಂದು ಜಂಪ್) ಲ್ಯಾಂಡಿಂಗಲ್ಲಿ ಸ್ವಲ್ಪ ಎಡವಟ್ಟಾಯ್ತು, ಎರಡನೇ ಟ್ರಿಪಲ್ ಆಕ್ಸೆಲ್ ಡಬಲ್ ಆಗೋಯ್ತು, ಒಂಬತ್ತು ಜಡ್ಜ್‌ಗಳಲ್ಲಿ ಐದು-ನಾಲ್ಕು ಅಂತ ಹೋಗಿ ಮತ್ತೆ ಬೆಳ್ಳಿ. ತುಂಬಾ ಹೊಟ್ಟೆ ಉರಿಯುತ್ತೆ ನಂಗೆ ಈಗ್ಲೂ.

ಈಗ ಅವ್ರು ಕೋಚ್ ಆಗಿ ಕೆಲಸ ಮಾಡಿದ ಟೊರಾಂಟೋ ಕ್ರಿಕೆಟ್ ಕ್ಲಬ್ (ಹೆಸ್ರಲ್ಲಿ ಕ್ರಿಕೆಟ್ ಇದ್ರೂ ಅಲ್ಲಿ ಸ್ಕೇಟಿಂಗೂ ಇದೆ) ವಿಷ್ಯಕ್ಕೆ ಬನ್ನಿ. ಅಲ್ಲಿ ಅವ್ರು ಮತ್ತೆ ಟ್ರೇಸಿ ವಿಲ್ಸನ್ (1988ರ ಐಸ್ ಡಾನ್ಸ್ ಕಂಚು ಇವ್ರದ್ದು) ಸ್ಟ್ರೋಕಿಂಗ್ ಕ್ಲಾಸ್ ಮಾಡಿಸ್ತಿದ್ರು, ಒಲಿಂಪಿಕ್ ಚಾಂಪಿಯನ್ ಆದ್ರೂ ಸರಿ, ಎಲ್ರ ಜೊತೆ ಸೇರಿ ಜಂಪ್ ಇಲ್ದೆ ಬರೀ ಅಂಚು, ಮಂಡಿ, ಸ್ಪೀಡು. ಯಾವ ಅಂಚಿನ ಕೆಲಸದಲ್ಲಿ 84ರ ಚಿನ್ನ ಹೋಯ್ತೋ ಅದೇ ಅವ್ರ ಪಾಠದ ಬುನಾದಿ ಆಯ್ತು! ನಾವೆಲ್ಲ ಜಂಪ್ ಎಣಿಸ್ತಾ ಕೂರ್ತೀವಿ, ಆದ್ರೆ ಹನ್ಯು ಟ್ರಿಪಲ್ ಆಕ್ಸೆಲ್ ಇಳಿದ್ಮೇಲೂ ಸ್ಪೀಡ್ ಕಮ್ಮಿ ಆಗಲ್ವಲ್ಲ, ಅದು ಬರೋದು ಇಂಥ ಕೆಲಸದಿಂದ.

2010ರ ವ್ಯಾಂಕೂವರ್ ಒಲಿಂಪಿಕ್ಸ್ ವಿಡಿಯೋದಲ್ಲಿ ಯುನಾ ಜಂಪ್ ಮಾಡಿದಾಗೆಲ್ಲ ರಿಂಕ್ ಅಂಚಿನ ಬೋರ್ಡ್ ಹೊರಗೆ ಓರ್ಸರ್ ಕೂಡ ಹಾರ್ತಿರ್ತಾರೆ, ನೋಡಿ. ಯುನಾಗೆ 228.56 ಪಾಯಿಂಟ್, ಆಗಿನ ವಿಶ್ವದಾಖಲೆ, ಚಿನ್ನ. ಆಮೇಲೆ 2014, 2018 ಎರಡೂ ಸಲ ಒಲಿಂಪಿಕ್ ಚಿನ್ನ ಹನ್ಯುಗೆ.

ಆದ್ರೂ ನಂಗೆ ಎಲ್ಲಕ್ಕಿಂತ ದೊಡ್ಡದು ಅನ್ಸೋದು 2015, 2016ರ ವರ್ಲ್ಡ್ ಚಾಂಪಿಯನ್‌ಶಿಪ್. ಎರಡ್ರಲ್ಲೂ ಸ್ಪೇನಿನ ಹಾವಿಯೆರ್ ಫರ್ನಾಂಡಿಸ್ ಚಿನ್ನ, ಹನ್ಯು ಬೆಳ್ಳಿ, ಇಬ್ರಿಗೂ ಕೋಚ್ ಇವ್ರೇ. ಸೋತವ್ನ ಹೆಗಲ ಮೇಲೆ ಕೈ ಹಾಕಿ, ಗೆದ್ದವ್ನ ಖುಷೀಲೂ ಪಾಲು ತಗೊಂಡು, ಇಬ್ರನ್ನೂ ಅದೇ ರಿಂಕಲ್ಲಿ ಉಳಿಸ್ಕೊಂಡ್ರು, 2018ರ ಒಲಿಂಪಿಕ್ಸಲ್ಲಿ ಇಬ್ರೂ ಒಂದೇ ಪೋಡಿಯಂ ಹತ್ತಿದ್ರು, ಹನ್ಯು ಚಿನ್ನ, ಫರ್ನಾಂಡಿಸ್ ಕಂಚು.